ಮೊಣಕಾಲು ಬದಲಿಸಿದ ಮೇಲಿನ ನೋವು: ಹಿಮೋಫಿಲಿಯಾ ಇದ್ದವರಿಗೆ ಹಂತ ಹಂತದ ಮಾರ್ಗದರ್ಶಿ

ನಮ್ಮ ಕಡೆ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇರುವ ಹುಡುಗ ಚಿಕ್ಕಂದಿನಲ್ಲೇ ಕೇಳಿ ಕೇಳಿ ಬೆಳೆಯುವ ಮಾತು ಒಂದು: "ಸ್ವಲ್ಪ ತಡಕೋ." ಮೊಣಕಾಲು ಬಾತು ರಾತ್ರಿಯೆಲ್ಲ ನಿದ್ದೆ ಇಲ್ಲದಿದ್ದರೂ ತಡಕೋ. ದವಾಖಾನೆ ದೂರ, ಬೆಳಗಿನ ಬಸ್ಸಿನ ತನಕ ತಡಕೋ. ನಾನೂ ಹಾಗೇ ಬೆಳೆದವನು. ರಬಕವಿಯಲ್ಲಿ ನೇಕಾರರ ಮನೆ. ಮಗ್ಗದ ಸದ್ದಿನಲ್ಲಿ ನನ್ನ ನರಳಾಟ ಯಾರಿಗೂ ಕೇಳಿಸುತ್ತಿರಲಿಲ್ಲ. ನನ್ನದು ತೀವ್ರ ಹಿಮೋಫಿಲಿಯಾ ಎ. ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಅಂಶ ಶೇಕಡಾ 1ಕ್ಕಿಂತ ಕಡಿಮೆ. ಎಡ ಮೊಣಕಾಲಿನೊಳಗೆ ಮತ್ತೆ ಮತ್ತೆ ರಕ್ತ ಇಳಿದು ಕೀಲು ಪೂರ್ತಿ ಸವೆಯಿತು. ನಲವತ್ತು ತುಂಬುವ ಮೊದಲೇ ಕಾಲು ನೆಟ್ಟಗೆ ಚಾಚಲು ಬರದಂತಾಯಿತು. ಕೊನೆಗೆ ಕೀಲು ಬದಲಿಸಿದರು.

ಆಪರೇಷನ್ ಆದ ಮೇಲೆ ನನಗೆ ಅತ್ಯಂತ ಕಷ್ಟವಾದದ್ದು ಆ "ತಡಕೋ" ಬಿಡುವುದು. ನೋವು ನುಂಗಿ ಸುಮ್ಮನೆ ಮಲಗಿದರೆ ವ್ಯಾಯಾಮ ಆಗುವುದಿಲ್ಲ, ಹೊಸ ಕೀಲು ಹಳೆಯದರಂತೆಯೇ ಬಿಗಿದುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಮಾತು, ಒಳಗೆ ರಕ್ತ ಸೋರಲು ಶುರುವಾದರೆ ಅದನ್ನು ಎಲ್ಲರಿಗಿಂತ ಮೊದಲು ತಿಳಿಸುವುದು ನೋವೇ. ಆ ನೋವನ್ನು ನಾವು ಹೇಳದಿದ್ದರೆ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಕೆಳಗೆ ಬರೆದಿರುವ ಅಳತೆ, ಪ್ರಮಾಣಗಳು ನೀವು ಡಾಕ್ಟರ್ ಜೊತೆ ಕೂತು ಮಾತಾಡಲು ಅನುಕೂಲವಾಗಲಿ ಎಂದು. ನಿಮ್ಮ ಡೋಸ್ ಅವರೇ ಬರೆದುಕೊಡಬೇಕು.

ಹಂತ 1: ಅಡ್ಮಿಟ್ ಆಗುವ ಮೊದಲೇ ಫ್ಯಾಕ್ಟರ್ ಎಣಿಸಿಕೊಳ್ಳಿ

ನಮ್ಮ ಮಟ್ಟಿಗೆ ಮೊದಲ ನೋವಿನ ಔಷಧ ಫ್ಯಾಕ್ಟರ್. ರಕ್ತ ನಿಲ್ಲದೆ ಎಷ್ಟು ಗುಳಿಗೆ ನುಂಗಿದರೂ ಆ ನೋವು ಇಳಿಯುವುದಿಲ್ಲ. ಆದ್ದರಿಂದ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು.

ಹಿಮೋಫಿಲಿಯಾ ಎ ಇದ್ದವರಿಗೆ ಕಿಲೋ ತೂಕಕ್ಕೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ಮಟ್ಟ ಸುಮಾರು 2 ಶೇಕಡಾ ಏರುತ್ತದೆ. 60 ಕಿಲೋ ಇದ್ದವರಿಗೆ 3000 ಯೂನಿಟ್ ಕೊಟ್ಟರೆ ಮಟ್ಟ ನೂರರ ಹತ್ತಿರ ಹೋಗುತ್ತದೆ. 500 ಯೂನಿಟ್‌ನ ಬಾಟಲಿ ಆದರೆ ಆರು. ಆದರೆ 8ರಿಂದ 12 ಗಂಟೆಯಲ್ಲಿ ಅದು ಅರ್ಧಕ್ಕೆ ಇಳಿದಿರುತ್ತದೆ, ಮತ್ತೆ ಕೊಡಬೇಕು. ಹಿಮೋಫಿಲಿಯಾ ಬಿ ಇದ್ದವರ ಲೆಕ್ಕ ಬೇರೆ. ಫ್ಯಾಕ್ಟರ್ 9 ಕಿಲೋಗೆ 1 ಯೂನಿಟ್‌ಗೆ ಸುಮಾರು 1 ಶೇಕಡಾ ಮಾತ್ರ ಏರುತ್ತದೆ, ಆದರೆ 18ರಿಂದ 24 ಗಂಟೆ ತನಕ ಅರ್ಧ ಉಳಿಯುತ್ತದೆ.

ವಿಶ್ವ ಹಿಮೋಫಿಲಿಯಾ ಒಕ್ಕೂಟದ ಮಾರ್ಗಸೂಚಿ ಪ್ರಕಾರ ದೊಡ್ಡ ಆಪರೇಷನ್‌ಗೆ ಮುಂಚೆ ಫ್ಯಾಕ್ಟರ್ 8 ಮಟ್ಟ 80ರಿಂದ 100 ಇರಬೇಕು. ಮೊದಲ ಮೂರು ದಿನ 60ರಿಂದ 80, ಆರನೇ ದಿನದ ತನಕ 40ರಿಂದ 60, ಎರಡು ವಾರ ಮುಗಿಯುವ ತನಕ 30ರಿಂದ 50. ಫ್ಯಾಕ್ಟರ್ ಕಡಿಮೆ ಸಿಗುವ ಕಡೆಗಳಿಗೆ ಇದಕ್ಕಿಂತ ಕೆಳಗಿನ ಮಟ್ಟಗಳನ್ನೂ ಅದೇ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಡಾಕ್ಟರ್ ಯಾವುದನ್ನು ಹಿಡಿಯುತ್ತಾರೆ ಎಂದು ಕೇಳಿ, ಎರಡು ವಾರಕ್ಕೆ ಒಟ್ಟು ಎಷ್ಟು ಬಾಟಲಿ ಬೇಕು ಎಂದು ಬರೆಸಿಕೊಳ್ಳಿ. ಆಮೇಲೆ ವ್ಯಾಯಾಮದ ವಾರಗಳಿಗೆ ಬೇರೆ ಬೇಕು. ಅದನ್ನು ನಮ್ಮವರು ಬಹಳ ಸಲ ಮರೆಯುತ್ತಾರೆ.

ಅಷ್ಟೂ ಬಾಟಲಿ ದವಾಖಾನೆಯ ಫ್ರಿಜ್‌ನಲ್ಲಿ ಕಣ್ಣಿಗೆ ಕಾಣುವ ತನಕ ದಿನಾಂಕ ಗೊತ್ತು ಮಾಡಬೇಡಿ. "ಆಮೇಲೆ ತರಿಸೋಣ" ಎನ್ನುವ ಮಾತಿಗೆ ಒಪ್ಪಬೇಡಿ.

ಇನ್‌ಹಿಬಿಟರ್ ಪರೀಕ್ಷೆ ಆಪರೇಷನ್ ಹತ್ತಿರ ಬಂದಾಗ ಹೊಸದಾಗಿ ಮಾಡಿಸಬೇಕು. ಎರಡು ವರ್ಷದ ಹಿಂದಿನ ರಿಪೋರ್ಟ್ ನಡೆಯುವುದಿಲ್ಲ. ದೇಹ ಫ್ಯಾಕ್ಟರ್ ವಿರುದ್ಧ ಪ್ರತಿಕಾಯ (ಇದೇ ಇನ್‌ಹಿಬಿಟರ್) ಮಾಡಿಕೊಂಡಿದ್ದರೆ ಕೊಟ್ಟ ಫ್ಯಾಕ್ಟರ್ ಹಿಡಿಯುವುದಿಲ್ಲ, ಬೇರೆ ದಾರಿಯಿಂದ ರಕ್ತ ನಿಲ್ಲಿಸುವ ಬೈಪಾಸ್ ಔಷಧ ಬೇಕಾಗುತ್ತದೆ. ರಕ್ತಸ್ರಾವ ಆಗದಂತೆ ಮುಂಚಿತವಾಗಿ ಕೊಡುವ ಎಮಿಸಿಜುಮ್ಯಾಬ್ ಚುಚ್ಚುಮದ್ದು ತೆಗೆದುಕೊಳ್ಳುವವರು ಅದನ್ನು ಪ್ರತಿಯೊಬ್ಬ ಡಾಕ್ಟರಿಗೂ ಹೇಳಬೇಕು. ಇಷ್ಟು ದೊಡ್ಡ ಆಪರೇಷನ್‌ಗೆ ಆ ಔಷಧ ಒಂದೇ ಸಾಲದು. ಅದು ದೇಹದಲ್ಲಿದ್ದಾಗ ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಎಪಿಟಿಟಿ ಪರೀಕ್ಷೆ ಸುಮ್ನೆ ನಾರ್ಮಲ್ ಎಂದು ತೋರಿಸುತ್ತದೆ, ನೋಡಿದವರು ಮೋಸ ಹೋಗುತ್ತಾರೆ. ಅದರ ಜೊತೆ ಫೈಬಾ ಎಂಬ ಬೈಪಾಸ್ ಔಷಧ ಜಾಸ್ತಿ ಕೊಟ್ಟರೆ ರಕ್ತ ಬೇಡದ ಕಡೆ ಹೆಪ್ಪುಗಟ್ಟುವ ಅಪಾಯವೂ ಇದೆ.

ಎಲ್ಲಿ ಮಾಡಿಸುವುದು? ಬೆಳಗಾವಿಯಲ್ಲಿ ಸರ್ಕಾರಿ ಬಿಮ್ಸ್ ಆಸ್ಪತ್ರೆ ಇದೆ, ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ ಇದೆ. ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಥಣಿ, ಜಮಖಂಡಿ ಕಡೆಯವರು ಮಿರಜಕ್ಕೆ ಹೋಗುವುದು ಹಳೆಯ ರೂಢಿ. ಇನ್ನು ಕೆಲವರು ಹುಬ್ಬಳ್ಳಿಗೆ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಹೋಗುತ್ತಾರೆ. ದಾರಿ ತಿಳಿಯದಿದ್ದರೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕೇಳಿ. ಆಸ್ಪತ್ರೆಯ ಹೆಸರು ನೋಡಿ ತೀರ್ಮಾನ ಮಾಡುವ ಬದಲು ಇಷ್ಟು ಕೇಳಿಕೊಳ್ಳಿ: ಫ್ಯಾಕ್ಟರ್ ಮಟ್ಟದ ಪರೀಕ್ಷೆ ಇಲ್ಲೇ ಆಗುತ್ತದಾ, ರಿಪೋರ್ಟ್ ಅದೇ ದಿನ ಬರುತ್ತದಾ? ರಕ್ತರೋಗದ ಡಾಕ್ಟರ್ ಮತ್ತು ಮೂಳೆ ಡಾಕ್ಟರ್ ಒಬ್ಬರಿಗೊಬ್ಬರು ಮಾತಾಡಿದ್ದಾರಾ? ಅರಿವಳಿಕೆ ಡಾಕ್ಟರ್ ನನ್ನನ್ನು ಮುಂಚೆಯೇ ನೋಡುತ್ತಾರಾ? ಹಿಮೋಫಿಲಿಯಾ ಮೊಣಕಾಲು ನೋಡಿದ ಫಿಸಿಯೋಥೆರಪಿಸ್ಟ್ ಇದ್ದಾರಾ?

ಅರಿವಳಿಕೆ ಡಾಕ್ಟರ್ ಸಿಕ್ಕಾಗ ಒಂದು ಮಾತು ಹೇಳಲೇಬೇಕು. ಈ ಕೀಲಿನ ನೋವಿಗೆ ನೀವು ಈಗಾಗಲೇ ಟ್ರಮಡಾಲ್‌ನಂಥ ಗುಳಿಗೆ ದಿನಾ ತಿನ್ನುತ್ತಿದ್ದರೆ ಮುಚ್ಚಿಡಬೇಡಿ. ಮೈ ಅದಕ್ಕೆ ಒಗ್ಗಿದ್ದರೆ ಆಪರೇಷನ್ ನಂತರ ಸಾಮಾನ್ಯ ಡೋಸ್ ನಿಮಗೆ ಸಾಕಾಗುವುದಿಲ್ಲ.

ಹಂತ 2: ಹಾಸಿಗೆಯ ತಲೆಗೆ ಚೀಟಿ

ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಅಂಟಿಸಿ: ಹಿಮೋಫಿಲಿಯಾ ರೋಗಿ. ಸ್ನಾಯುವಿಗೆ ಸೂಜಿ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಬೇಡ.

ನನ್ನ ತಮ್ಮ ಬರೆದದ್ದು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ಕೆಂಪು ಸ್ಕೆಚ್ ಪೆನ್ನಿನಿಂದ. ಎರಡನೇ ರಾತ್ರಿ ಎರಡು ಗಂಟೆ ಹೊತ್ತಿಗೆ ನಾನು ನೋವು ಎಂದು ಕರೆದೆ. ರಾತ್ರಿ ಪಾಳಿಗೆ ಹೊಸದಾಗಿ ಬಂದವರು ಸಿರಿಂಜ್ ತುಂಬಿಕೊಂಡು ಬಂದು "ಮಗ್ಗುಲಾಗಿ" ಎಂದರು. ಕುಂಡಿಗೆ ಕೊಡುವ ನೋವಿನ ಸೂಜಿ, ಡೈಕ್ಲೋಫೆನಾಕ್. ನೆಲದ ಮೇಲೆ ಮಲಗಿದ್ದ ತಮ್ಮ ಎದ್ದು ಚೀಟಿ ತೋರಿಸಿದ. ಅವರು ಓದಿದರು, ಸೂಜಿ ಹಿಂದೆ ತೆಗೆದುಕೊಂಡರು, ಫೋನ್ ಮಾಡಿ ಡ್ಯೂಟಿ ಡಾಕ್ಟರನ್ನು ಕರೆದರು. ಆ ಸೂಜಿ ಬಿದ್ದಿದ್ದರೆ ಸ್ನಾಯುವಿನಲ್ಲಿ ರಕ್ತ ತುಂಬಿ ಇನ್ನೊಂದು ನೋವು ಶುರುವಾಗುತ್ತಿತ್ತು. ಅರೆನಿದ್ದೆಯಲ್ಲಿ ನಾನೇ ತಡೆಯುತ್ತಿದ್ದೆ ಎಂದು ಹೇಳಲಾರೆ. ಅದಕ್ಕೇ ಚೀಟಿ ಬೇಕು. ಜೊತೆಗೆ ಇರುವವರಿಗೂ ಅದರ ಅರ್ಥ ಗೊತ್ತಿರಬೇಕು.

ಹಂತ 3: ಮೊದಲ ಮೂರು ದಿನ, ನೋವು ಏರುವ ಮುನ್ನ

ಈ ದಿನಗಳಲ್ಲಿ ನೋವು ಜಾಸ್ತಿ ಇರುತ್ತದೆ. ಅದು ಸಹಜ. ಆದರೆ ಉಸಿರು ಬಿಗಿಹಿಡಿದು ಕಣ್ಣೀರು ಹಾಕುವಷ್ಟು ಇರಬೇಕಾಗಿಲ್ಲ.

ಸಾಮಾನ್ಯವಾಗಿ ರಕ್ತನಾಳಕ್ಕೆ ಹಚ್ಚಿದ ಸಲೈನ್ ದಾರಿಯಲ್ಲೇ ಪ್ಯಾರಾಸಿಟಮಾಲ್ ಕೊಡುತ್ತಾರೆ. ಜೊತೆಗೆ ಮಾರ್ಫಿನ್ ಅಥವಾ ಫೆಂಟನಿಲ್‌ನಂಥ ಬಲವಾದ ಔಷಧ. ಕೆಲವು ಕಡೆ ನಾವೇ ಗುಂಡಿ ಒತ್ತಿ ಡೋಸ್ ತೆಗೆದುಕೊಳ್ಳುವ ಪಂಪ್ ಇರುತ್ತದೆ. ಆ ಗುಂಡಿಯನ್ನು ರೋಗಿಯೇ ಒತ್ತಬೇಕು. "ಪಾಪ, ಮಲಗಿದ್ದಾನೆ, ನಾನೇ ಒತ್ತುತ್ತೇನೆ" ಎಂದು ಮನೆಯವರು ಒತ್ತಬಾರದು. ಮಂಪರು ಜಾಸ್ತಿಯಾಗಿ ಉಸಿರಾಟ ನಿಧಾನವಾಗುವ ಅಪಾಯ ಇದೆ.

ತೊಡೆಯ ನರದ ಸುತ್ತ ಮರಗಟ್ಟಿಸುವ ಬ್ಲಾಕ್ ಕೊಡಬಹುದು, ಕೀಲಿನ ಸುತ್ತಲೂ ಔಷಧ ಚುಚ್ಚಬಹುದು. ಫ್ಯಾಕ್ಟರ್ ಮಟ್ಟ ಸರಿಯಾಗಿದ್ದು, ಕೈ ಪಳಗಿದವರು ಮಾಡಿದರೆ ಅದರಿಂದ ಬಹಳ ಆರಾಮ. ಬೆನ್ನಿಗೆ ಕೊಡುವ ಸೂಜಿಯ ವಿಷಯ ಬೇರೆ. ಬೆನ್ನುಹುರಿಯ ಬಳಿ ರಕ್ತ ನಿಂತರೆ ಕಾಲಿನ ಶಕ್ತಿಯೇ ಹೋಗಬಹುದು. ಅದಕ್ಕೇ ನಮ್ಮವರಿಗೆ ಹೆಚ್ಚಿನ ಡಾಕ್ಟರುಗಳು ಅದನ್ನು ಬಿಟ್ಟು ಪೂರ್ತಿ ಅರಿವಳಿಕೆ ಕೊಡುತ್ತಾರೆ.

ಬ್ಲಾಕ್ ಕೊಟ್ಟಾಗ ಕಾಲು ನಿಮ್ಮದಲ್ಲವೇನೋ ಎನ್ನುವಂತೆ ಹಗುರಾಗಿರುತ್ತದೆ. ಆಮೇಲೆ, ಹೆಚ್ಚಾಗಿ ಒಂದು ದಿನದೊಳಗೆ, ಜೋಮು ಬಿಡುತ್ತದೆ. ಬಿಡುವಾಗ ನೋವು ಒಮ್ಮೆಲೇ ಬರುತ್ತದೆ. ಬೆರಳುಗಳಲ್ಲಿ ಸ್ಪರ್ಶ ತಿಳಿಯಲು ಶುರುವಾದ ಕೂಡಲೇ ಕರೆದು ಹೇಳಿ: "ಬ್ಲಾಕ್ ಇಳೀತಾ ಇದೆ, ಔಷಧ ಕೊಡಿ." ನೋವು ಮೇಲೇರಿದ ಮೇಲೆ ಇಳಿಸುವುದು ಕಷ್ಟ. ಏರದಂತೆ ಹಿಡಿಯುವುದು ಸುಲಭ. ಇದೇ ಕಾರಣಕ್ಕೆ ಈ ದಿನಗಳಲ್ಲಿ ನೋವಿನ ಔಷಧವನ್ನು ಹೊತ್ತು ನೋಡಿ ತೆಗೆದುಕೊಳ್ಳಬೇಕು, ನೋವು ಬಂದಾಗ ಅಲ್ಲ.

ನರ್ಸ್ ಬಂದು ನೋವು ಹತ್ತರಲ್ಲಿ ಎಷ್ಟು ಎಂದು ಕೇಳುತ್ತಾರೆ. ನಮ್ಮವ್ವ ಅದನ್ನೇ ಆಣೆ ಲೆಕ್ಕದಲ್ಲಿ ಕೇಳುತ್ತಿದ್ದಳು: "ರೂಪಾಯಿಗೆ ಎಷ್ಟಾಣೆ ಬ್ಯಾನಿ ಐತಿ?" ಯಾವ ಲೆಕ್ಕವಾದರೂ ಸರಿ, ಎರಡು ಸಂಖ್ಯೆ ಕೊಡಿ. ಸುಮ್ಮನೆ ಮಲಗಿದ್ದಾಗ ಎಷ್ಟು, ಕಾಲು ಅಲ್ಲಾಡಿಸಿದಾಗ ಎಷ್ಟು. ಮಲಗಿದಾಗ ಮೂರು ಇದ್ದು ಅಲ್ಲಾಡಿಸಿದರೆ ಎಂಟು ಆದರೆ ನೀವು ವ್ಯಾಯಾಮ ಮಾಡಲಾರಿರಿ. ಆ ಎಂಟನ್ನು ಹೇಳದೆ ಬರೀ "ಪರವಾಗಿಲ್ಲ" ಎಂದರೆ ಔಷಧ ಕಡಿಮೆಯೇ ಬರುತ್ತದೆ. ನಮ್ಮ ಕಡೆಯ ಗಂಡಸರು ಈ "ಪರವಾಗಿಲ್ಲ" ಹೇಳುವುದರಲ್ಲಿ ಬಹಳ ಮುಂದು. ದಯವಿಟ್ಟು ಹೇಳಬೇಡಿ.

ಹಂತ 4: ಇದು ಗಾಯ ಮಾಯುವ ನೋವಾ, ರಕ್ತದ ನೋವಾ?

ಇದೊಂದನ್ನು ಚೆನ್ನಾಗಿ ತಿಳಿದುಕೊಳ್ಳಿ.

ಮಾಯುವ ನೋವಿಗೆ ಒಂದು ಲಯ ಇರುತ್ತದೆ. ವ್ಯಾಯಾಮ ಮಾಡಿದಾಗ ಏರುತ್ತದೆ. ಐಸ್ ಇಟ್ಟು, ಗುಳಿಗೆ ತಿಂದು, ಕಾಲು ಮೇಲೆ ಮಾಡಿ ಮಲಗಿದರೆ ಇಳಿಯುತ್ತದೆ. ನಿನ್ನೆಗಿಂತ ಇವತ್ತು ಸ್ವಲ್ಪವಾದರೂ ಕಡಿಮೆ ಇರುತ್ತದೆ. ಮೊಣಕಾಲು ಮುಟ್ಟಿದರೆ ತುಸು ಬಿಸಿ, ತುಸು ಬಾವು ತಿಂಗಳುಗಟ್ಟಲೆ ಇರಬಹುದು. ಅದಕ್ಕೆ ಹೆದರಬೇಕಿಲ್ಲ.

ರಕ್ತದ ನೋವು ನಮಗೆ ಚಿಕ್ಕಂದಿನಿಂದ ಪರಿಚಯ ಅಲ್ವಾ? ಮೊದಲು ಒಳಗೆ ಜುಮುಜುಮು, ಆಮೇಲೆ ಬಿಗಿತ, ಆಮೇಲೆ ಒಳಗಿನಿಂದ ಯಾರೋ ಗಾಳಿ ತುಂಬಿದಂತೆ ಒತ್ತಡ. ಚರ್ಮ ಹೊಳೆಯುತ್ತದೆ. ನಿನ್ನೆ ಬಾಗುತ್ತಿದ್ದ ಕಾಲು ಇವತ್ತು ಬಾಗುವುದಿಲ್ಲ. ಗುಳಿಗೆ ತಿಂದರೂ ಐಸ್ ಇಟ್ಟರೂ ಗಂಟೆಗಂಟೆಗೂ ಏರುತ್ತದೆ. ಹೊಸ ಕೀಲು ಹಾಕಿದ ಮೇಲೂ ಈ ಗುರುತುಗಳು ಇವೇ.

ಬರೀ ಅನಿಸಿಕೆಯ ಮೇಲೆ ಬಿಡಬೇಡಿ, ಅಳೆಯಿರಿ. ದರ್ಜಿಯ ಅಳತೆ ಟೇಪು ಸಾಕು. ಮೊಣಕಾಲ ಚಿಪ್ಪಿನ ಮೇಲಂಚಿನಿಂದ ನಾಲ್ಕು ಬೆರಳು ಮೇಲೆ ತೊಡೆಯ ಮೇಲೆ ಬಾಲ್‌ಪೆನ್ನಿನಿಂದ ಗೆರೆ ಹಾಕಿ. ದಿನಕ್ಕೆ ಎರಡು ಸಲ, ಕಾಲು ಚಾಚಿ ಮಲಗಿ, ಅದೇ ಗೆರೆಯ ಮೇಲೆ ಟೇಪು ಸುತ್ತಿ. ಎಳೆಯಬೇಡಿ, ಸಡಿಲವೂ ಬೇಡ. ಸಂಖ್ಯೆ, ಹೊತ್ತು ಎರಡನ್ನೂ ಬರೆದಿಡಿ.

ನನಗೆ ಇದು ಉಪಯೋಗಕ್ಕೆ ಬಂದದ್ದು ಊರಿಗೆ ಬಂದ ಮೇಲೆ. ಹದಿನೇಳನೇ ದಿನ. ನೋವು ಕಡಿಮೆಯಾಗಿತ್ತು. ಒಂದು ಡೋಸ್ ಫ್ಯಾಕ್ಟರ್ ಉಳಿಯಲಿ, ಮುಂದೆ ಬೇಕಾಗುತ್ತದೆ ಎಂದು ಆ ದಿನದ್ದು ಬಿಟ್ಟೆ. ವ್ಯಾಯಾಮ ಮಾತ್ರ ಬಿಡಲಿಲ್ಲ. ಸಂಜೆ ನನ್ನ ಹೆಂಡತಿ ಅಳೆದಾಗ 41 ಸೆಂಟಿಮೀಟರ್. ರಾತ್ರಿ ಹನ್ನೊಂದಕ್ಕೆ ಬಿಗಿತ ಶುರುವಾಯಿತು. ಗೋಡೆ ಕಡೆ ತಿರುಗಿ ಮಲಗಿದೆ. "ಏನಾತು?" ಎಂದಳು. "ಏನಿಲ್ಲ" ಎಂದೆ. ಅವಳು ದೀಪ ಹಚ್ಚಿ ಟೇಪು ತಂದಳು. 43. ಗೆರೆ ಅದೇ, ಕಾಲು ಅದೇ. ಅವಳು ಎರಡು ಸಲ ಸುತ್ತಿ ನೋಡಿದಳು, ಎರಡು ಸಲವೂ 43. ಆಗಲೇ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಷ್ಟು ಫ್ಯಾಕ್ಟರ್ ಹಾಕಿಕೊಂಡೆ. ಕಾಲು ಚಾಚಿ ಐಸ್ ಇಟ್ಟೆವು. ಬೆಳಗಿನ ಜಾವಕ್ಕೆ ಒತ್ತಡ ನಿಂತಿತು. ಬೆಳಗಾದ ಮೇಲೆ ದವಾಖಾನೆಗೆ ಹೋಗಿ ತೋರಿಸಿದೆವು. ಆ ಒಂದು ಡೋಸ್ ಉಳಿಸಲು ಹೋಗಿ ಮುಂದಿನ ನಾಲ್ಕು ದಿನದಲ್ಲಿ ಅದರ ಹಲವು ಪಟ್ಟು ಖರ್ಚಾಯಿತು. ಎಂಟು ದಿನ ವ್ಯಾಯಾಮ ಹಿಂದೆ ಬಿತ್ತು. ನೋವಿಲ್ಲ ಎಂದು ಫ್ಯಾಕ್ಟರ್ ಬಿಡಬೇಡಿ. ಫ್ಯಾಕ್ಟರ್ ಹಾಕಿದ್ದಕ್ಕೇ ಆ ನೋವು ಇರಲಿಲ್ಲ.

ಹಂತ 5: ಗುಳಿಗೆ ಪಟ್ಟಿಯ ಹಿಂಬದಿ ಓದಿ

ರಕ್ತ ನಿಲ್ಲಲು ಎರಡು ಕೆಲಸ ಆಗಬೇಕು. ಪ್ಲೇಟ್‌ಲೆಟ್‌ಗಳು ಮೊದಲು ತೇಪೆ ಇಡುತ್ತವೆ. ಆಮೇಲೆ ಫ್ಯಾಕ್ಟರ್ ಆ ತೇಪೆಗೆ ಹೊಲಿಗೆ ಹಾಕುತ್ತದೆ. ನಮಗೆ ಹೊಲಿಗೆ ಸಡಿಲ, ಆದರೆ ತೇಪೆ ಸರಿಯಾಗಿದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಇವು ಸರಿಯಾಗಿರುವ ಆ ತೇಪೆಯನ್ನೂ ಕೆಡಿಸುತ್ತವೆ. ಹೊಟ್ಟೆಯಲ್ಲಿ ಹುಣ್ಣು ಮಾಡಿ ಅಲ್ಲಿಯೂ ರಕ್ತ ಸೋರಿಸಬಹುದು.

ತೊಂದರೆ ಏನೆಂದರೆ ಇವು ಬೇರೆ ಬೇರೆ ಹೆಸರಲ್ಲಿ ಮನೆಯಲ್ಲೇ ಇರುತ್ತವೆ. ಡಿಸ್ಪ್ರಿನ್‌ನಲ್ಲಿ ಆಸ್ಪಿರಿನ್ ಇದೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್, ವೊವೆರಾನ್‌ನಲ್ಲಿ ಡೈಕ್ಲೋಫೆನಾಕ್, ಝೀರೋಡಾಲ್‌ನಲ್ಲಿ ಅಸಿಕ್ಲೋಫೆನಾಕ್. ಡೋಲೋ 650 ಬರೀ ಪ್ಯಾರಾಸಿಟಮಾಲ್, ಅದು ನಡೆಯುತ್ತದೆ. ಆದರೆ ಹೆಸರಿನ ಮೊದಲಲ್ಲಿ "ಡೋಲೋ" ಇದ್ದದ್ದೆಲ್ಲ ಅದೇ ಅಲ್ಲ. ಮೆಡಿಕಲ್ ಶಾಪಿನಲ್ಲಿ "ಮೊಣಕಾಲು ಬ್ಯಾನಿಗೆ ಎರಡು ಗುಳಿಗೆ ಕೊಡ್ರಿ" ಎಂದು ಕೇಳುವ ರೂಢಿಯನ್ನು ಮನೆಯ ಎಲ್ಲರೂ ಬಿಡಬೇಕು.

ಪ್ಯಾರಾಸಿಟಮಾಲ್ ನಮ್ಮ ಆಧಾರ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. 650ರ ಗುಳಿಗೆ ಆದರೆ ಆರಕ್ಕಿಂತ ಹೆಚ್ಚಿಲ್ಲ. ಆದರೆ ಹಳೆಯ ಕಾಲದಲ್ಲಿ ರಕ್ತ, ಪ್ಲಾಸ್ಮಾ ಹಾಕಿಸಿಕೊಂಡವರಲ್ಲಿ ಹಲವರಿಗೆ ಹೆಪಟೈಟಿಸ್ ಸಿ ಅಂಟಿ ಲಿವರ್ ಸೊರಗಿರುತ್ತದೆ. ಅಂಥವರಿಗೆ, ತೀರ ಕಡಿಮೆ ತೂಕ ಇದ್ದವರಿಗೆ ಮಿತಿ ಇನ್ನೂ ಕೆಳಗೆ, ಡಾಕ್ಟರ್ ಹೇಳಿದಷ್ಟೇ. ಮದ್ಯ ಬೇಡವೇ ಬೇಡ.

ಅದು ಸಾಲದಾದಾಗ ಟ್ರಮಡಾಲ್. ವಾಕರಿಕೆ, ತಲೆ ತಿರುಗುವುದು, ಮಂಪರು ಬರಬಹುದು. ತಿಂದು ಗಾಡಿ ಹೊಡೆಯಬೇಡಿ. ಫಿಟ್ಸ್ ಇದ್ದವರು, ಖಿನ್ನತೆಗೆ ಗುಳಿಗೆ ತಿನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಟ್ರಮಡಾಲ್ ಗುಳಿಗೆ ಕೆಲವುಗಳಲ್ಲಿ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಅದನ್ನೂ ದಿನದ ಲೆಕ್ಕಕ್ಕೆ ಹಿಡಿಯಿರಿ. ಇನ್ನು ಮಲಬದ್ಧತೆ. ಮೊದಲ ದಿನದಿಂದಲೇ ನೀರು, ಸೊಪ್ಪು, ಪಪ್ಪಾಯಿ ತಿನ್ನಿ, ಡಾಕ್ಟರ್ ಕೊಟ್ಟ ಔಷಧ ಕುಡಿಯಿರಿ. ಮುಕ್ಕರಿದರೆ ಕಾಲಿಗೂ ಕಷ್ಟ.

ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್ ಎಂಬ ಎರಡು ಗುಳಿಗೆ ಪ್ಲೇಟ್‌ಲೆಟ್ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಹೃದಯ, ಕಿಡ್ನಿ, ಬಿಪಿ ಸರಿ ಇದ್ದವರಿಗೆ ಕೆಲವು ದಿನ ಡಾಕ್ಟರೇ ಬರೆದುಕೊಡಬಹುದು. ನೀವಾಗಿ ಕೊಳ್ಳಬೇಡಿ.

ಹಂತ 6: ಐಸ್ ಇಡಿ, ದಿಂಬು ತೆಗೆಯಿರಿ

ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ. ಮತ್ತೆ ಎರಡು ಗಂಟೆ ಬಿಟ್ಟು. ಬರಿ ಚರ್ಮಕ್ಕೆ ಬೇಡ, ಗಾಯ ನೆನೆಯಬಾರದು. ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಕರೆಂಟ್ ಹೋದರೆ ಐಸ್ ಕರಗುತ್ತದೆ. ಥರ್ಮಾಸ್‌ನಲ್ಲಿ ಒಂದಿಷ್ಟು ಯಾವಾಗಲೂ ಇಟ್ಟುಕೊಳ್ಳಿ.

ಬಿಸಿ ಶಾಖ ಬೇಡ. ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಸುಣ್ಣ ಬೆಲ್ಲದ ಪಟ್ಟು ಬೇಡ. ನೋಡಲು ಬಂದ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಅವರಿಗೆ ಡಾಕ್ಟರ್ ಬೇಡ ಎಂದಿದ್ದಾರೆ ಎಂದು ಸಮಾಧಾನದಿಂದ ಹೇಳಿ, ಆದರೆ ಕಾಲು ಮುಟ್ಟಲು ಕೊಡಬೇಡಿ.

ದಿಂಬಿನ ಮಾತು ಚಿಕ್ಕದು ಅನಿಸಬಹುದು. ಮೊಣಕಾಲಿನ ಕೆಳಗೆ ದಿಂಬು ಇಟ್ಟರೆ ಕೂಡಲೇ ಹಾಯೆನಿಸುತ್ತದೆ. ವರ್ಷಗಟ್ಟಲೆ ನಾವು ಹಾಗೇ ಮಲಗಿದವರು. ಅದಕ್ಕೇ ನಮ್ಮ ಕಾಲು ಮಡಚಿಕೊಂಡೇ ಗಟ್ಟಿಯಾದದ್ದು. ಈಗ ಹೊಸ ಕೀಲೂ ಅದೇ ಬಾಗಿಗೆ ಒಗ್ಗಿಬಿಡುತ್ತದೆ. ದಿಂಬು ಹಿಮ್ಮಡಿಯ ಕೆಳಗೆ ಇರಲಿ. ಮೊಣಕಾಲು ಗಾಳಿಯಲ್ಲಿ ತೂಗಿ, ತಾನೇ ನೆಟ್ಟಗಾಗುತ್ತದೆ. ಮೊದಲು ಹತ್ತು ನಿಮಿಷವೂ ಆಗುವುದಿಲ್ಲ. ಐದರಿಂದ ಶುರು ಮಾಡಿ.

ಹಂತ 7: ಫ್ಯಾಕ್ಟರ್, ಗುಳಿಗೆ, ವ್ಯಾಯಾಮ, ಐಸ್

ಈ ನಾಲ್ಕು ಇದೇ ಸಾಲಿನಲ್ಲಿ ಬರಬೇಕು. ಫ್ಯಾಕ್ಟರ್ ಹಾಕಿಸಿಕೊಂಡ ಹೊತ್ತಿಗೆ ಹೊಂದಿಸಿ ವ್ಯಾಯಾಮದ ಹೊತ್ತು ಇಟ್ಟುಕೊಳ್ಳಿ. ನೋವಿನ ಗುಳಿಗೆ ಮುಕ್ಕಾಲು ಗಂಟೆ ಮೊದಲು. ವ್ಯಾಯಾಮ ಮುಗಿದ ಕೂಡಲೇ ಐಸ್. ಫಿಸಿಯೋಥೆರಪಿಸ್ಟ್ ಬರುವ ಹೊತ್ತು ಬದಲಾದರೆ ಮುಂಚೆಯೇ ತಿಳಿಸಲು ಕೇಳಿಕೊಳ್ಳಿ.

ಮೊದಲ ದಿನಗಳಲ್ಲಿ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆ ಬಿಗಿಹಿಡಿದು ಮೊಣಕಾಲನ್ನು ಹಾಸಿಗೆಗೆ ಒತ್ತುವುದು, ಹಿಮ್ಮಡಿ ಜಾರಿಸಿ ಕಾಲು ಮಡಿಸುವುದು. ಒಂದೇ ಸಲ ಒಂದು ಗಂಟೆಯ ಬದಲು ಹತ್ತು ಹತ್ತು ನಿಮಿಷ, ಹಲವು ಸಲ. ವ್ಯಾಯಾಮದ ನೋವು ಅರ್ಧ ಮುಕ್ಕಾಲು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಬರಬೇಕು. ಮರುದಿನ ಬೆಳಿಗ್ಗೆಯೂ ಬಾವು ಹೆಚ್ಚೇ ಇದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು. ಕಾಲನ್ನು ಹಿಡಿದು ಬಲವಂತವಾಗಿ ಬಗ್ಗಿಸಲು ಯಾರಿಗೂ ಬಿಡಬೇಡಿ.

ಪಕ್ಕದ ಮನೆಯ ಅಜ್ಜಿ ಮೊಣಕಾಲು ಬದಲಿಸಿಕೊಂಡು ತಿಂಗಳಲ್ಲಿ ದೇವಸ್ಥಾನದ ಮೆಟ್ಟಿಲು ಹತ್ತಿರಬಹುದು. ಅವರ ಕೀಲು ವಯಸ್ಸಿನಿಂದ ಸವೆದದ್ದು, ನಮ್ಮದು ಹುಡುಗತನದಿಂದ ಬಿಗಿದದ್ದು. ಆಪರೇಷನ್‌ಗೆ ಮೊದಲು ಕಾಲು ಎಷ್ಟು ಬಾಗುತ್ತಿತ್ತೋ ಅದಕ್ಕೆ ತಕ್ಕಂತೆ ಆಮೇಲೆ ಬಾಗುತ್ತದೆ. ನೆಟ್ಟಗಾಗುವುದು ಮತ್ತು ಕುರ್ಚಿಯಲ್ಲಿ ಕೂರುವಷ್ಟು, ಅಂದರೆ 90 ಡಿಗ್ರಿ, ಬಾಗುವುದು ಸಿಕ್ಕರೆ ಬದುಕು ಬಹಳ ಹಗುರ.

ಊರುಗೋಲಿನ ಬಗ್ಗೆ ಒಂದು ಎಚ್ಚರ. ನಮ್ಮಲ್ಲಿ ಹಲವರ ಮೊಣಕೈಯೂ ಕೆಟ್ಟಿರುತ್ತದೆ. ಅಂಗೈ ಮೇಲೆ ಭಾರ ಬಿದ್ದರೆ ಅಲ್ಲಿ ರಕ್ತ ಇಳಿಯುತ್ತದೆ. ಮುಂಗೈ ಊರಿ ನಡೆಯುವ ವಾಕರ್ ಕೇಳಿ.

ಹಂತ 8: ಊರಿಗೆ ಹೋಗುವ ದಿನ ಮತ್ತು ಆಮೇಲೆ

ಬೆಳಗಾವಿಯಿಂದ ಸಿಂದಗಿ, ಮುದ್ದೇಬಿಹಾಳಕ್ಕೆ ಹೋಗುವುದೆಂದರೆ ಅರ್ಧ ದಿನದ ದಾರಿ. ಹೊರಡುವ ಮುನ್ನ ಫ್ಯಾಕ್ಟರ್, ಗುಳಿಗೆ ಎರಡೂ ಆಗಿರಲಿ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿ. ಗಂಟೆಗೊಮ್ಮೆ ನಿಲ್ಲಿಸಿ ಪಾದ ಆಡಿಸಿ, ನಾಲ್ಕು ಹೆಜ್ಜೆ ಹಾಕಿ.

ಡಿಸ್ಚಾರ್ಜ್ ಚೀಟಿಯ ಜೊತೆ ಇನ್ನೊಂದು ಹಾಳೆ ಬರೆಸಿಕೊಳ್ಳಿ: ಯಾವ ಫ್ಯಾಕ್ಟರ್, ಎಷ್ಟು, ಎಷ್ಟು ದಿನ, ಬ್ಲೀಡ್ ಆದರೆ ಎಷ್ಟು, ಯಾವ ಗುಳಿಗೆ ಆಗುತ್ತದೆ, ಯಾವುದು ಆಗದು, ರಾತ್ರಿ ಯಾರಿಗೆ ಫೋನ್. ಅದರ ಪ್ರತಿಯನ್ನು ನಿಮ್ಮ ತಾಲೂಕು, ಜಿಲ್ಲಾ ಆಸ್ಪತ್ರೆಗೆ ಮೊದಲೇ ಕೊಟ್ಟು, ಫ್ಯಾಕ್ಟರ್ ಇದೆಯೇ ಎಂದು ಕೇಳಿಬನ್ನಿ. ಹೊಲಿಗೆ ಬಿಚ್ಚುವ ದಿನವೂ ಫ್ಯಾಕ್ಟರ್ ಬೇಕಾಗುತ್ತದೆ. ಮನೆಯಲ್ಲಿ ಫ್ಯಾಕ್ಟರ್ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್‌ನ ಬಾಗಿಲಲ್ಲಿ ಬೇಡ, ಐಸ್ ಆಗುವ ಖಾನೆಯಲ್ಲಂತೂ ಇಡಲೇಬಾರದು. ಹಿಮೋಫಿಲಿಯಾ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಇನ್ನೂ ಮಾಡಿಸಿರದಿದ್ದರೆ ಈ ವಾರಗಳಲ್ಲಿ ಮನೆಯವರು ಅದರ ಕೆಲಸ ನೋಡಲಿ.

ಮನೆಯಲ್ಲಿ ನೆಲದ ಮೇಲೆ ಊಟಕ್ಕೆ ಕೂರಬೇಡಿ. ಕಕ್ಕಸಿಗೆ ಕಮೋಡ್ ಕುರ್ಚಿ ಮೊದಲೇ ತಂದಿಡಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಎರಡನೇ ವಾರದಿಂದ ಆರನೇ ವಾರದ ತನಕ ರಾತ್ರಿಯ ನೋವು ಹಲವರನ್ನು ಕಾಡುತ್ತದೆ. ಮಲಗುವ ಮುಂಚೆ ಐಸ್, ದಿನದ ಒಂದು ಗುಳಿಗೆ ಆ ಹೊತ್ತಿಗೆ ಉಳಿಸಿಕೊಳ್ಳುವುದು, ಹಗಲು ನಿದ್ದೆ ಕಡಿಮೆ ಮಾಡುವುದು ನನಗೆ ಕೈಹಿಡಿದವು. ನಿದ್ದೆ ಬಾರದೆ ಮನಸ್ಸು ಕುಗ್ಗಿದರೆ ಅದನ್ನೂ ಡಾಕ್ಟರಿಗೆ ಹೇಳಿ.

ಕಾಯದೆ ಓಡಬೇಕಾದದ್ದು

ಗಂಟೆಗಂಟೆಗೂ ಏರುವ ಬಾವು. ಮೊಣಕಾಲಿನ ಹಿಂದೆ ನಾಡಿಯಂತೆ ಬಡಿಯುವ ಗಂಟು. ಡ್ರೆಸ್ಸಿಂಗ್ ಮತ್ತೆ ಮತ್ತೆ ರಕ್ತದಿಂದ ತೊಯ್ಯುವುದು, ಕೀವು, ಚಳಿ ಜ್ವರ. ಪಾದ ತಣ್ಣಗಾಗಿ ಬಣ್ಣ ಬದಲಾಗುವುದು ಅಥವಾ ಬೆರಳು ಆಡಿಸಲು ಬಾರದಿರುವುದು. ಮೀನಖಂಡ ಬಿಗಿದು ಬಾತು ನೋಯುವುದು. ಕಪ್ಪು ಮಲ. ತೊಡೆಸಂದಿಯಲ್ಲಿ ನೋವು ಬಂದು ಸೊಂಟ ನೆಟ್ಟಗೆ ಮಾಡಲು ಆಗದಿರುವುದು. ಬಿದ್ದು ತಲೆಗೆ ಪೆಟ್ಟಾಗುವುದು. ಎದೆನೋವು, ಉಸಿರು ಕಟ್ಟುವುದು ಅಥವಾ ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೆ ನೇರ 108ಕ್ಕೆ ಕರೆ ಮಾಡಿ. ಹಿಮೋಫಿಲಿಯಾ ಇದ್ದವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದೇ ಇಲ್ಲ ಎನ್ನುವುದು ತಪ್ಪು. ಫ್ಯಾಕ್ಟರ್ ಮಟ್ಟ ಏರಿಸಿದ ದಿನಗಳಲ್ಲಿ ಅದೂ ಆಗಬಹುದು.

ಗುಳಿಗೆ ಬಿಡುವುದು

ಮೊದಲು ಟ್ರಮಡಾಲ್ ಬಿಡಬೇಕು, ಕೊನೆಗೆ ಪ್ಯಾರಾಸಿಟಮಾಲ್. ಟ್ರಮಡಾಲನ್ನು ಕೆಲವು ವಾರ ತಿಂದಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಡಾಕ್ಟರ್ ಹೇಳಿದಂತೆ ಮೊದಲು ಹಗಲಿನದು, ಆಮೇಲೆ ರಾತ್ರಿಯದು. ನೋವಿಲ್ಲದಿದ್ದರೂ ಅದು ಬೇಕೆನಿಸುತ್ತಿದ್ದರೆ ನಾಚಿಕೊಳ್ಳದೆ ಹೇಳಿ. ಮೂರು ತಿಂಗಳು ಕಳೆದರೂ ನೋವು ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಮೂಳೆ ಡಾಕ್ಟರಿಗೆ ತೋರಿಸಿ. ಸೋಂಕು ಇರಬಹುದು, ಕೀಲು ಸಡಿಲಾಗಿರಬಹುದು, ಸವೆದ ಸೊಂಟದ ಕೀಲಿನ ನೋವು ಮೊಣಕಾಲಿಗೆ ಇಳಿಯುತ್ತಿರಬಹುದು.

ಅಳತೆ ಟೇಪಿನ ಲೆಕ್ಕದ ಪುಸ್ತಕವನ್ನು ಪ್ರತಿ ಭೇಟಿಗೂ ಒಯ್ಯಿರಿ. ನನ್ನದರಲ್ಲಿ ಆರನೇ ವಾರದ ಕೊನೆಯ ಸಂಖ್ಯೆ 39. ಡಾಕ್ಟರ್ ಮೊದಲು ಪುಸ್ತಕ ನೋಡಿದರು, ಆಮೇಲೆ ಕಾಲು ನೋಡಿದರು. ಉಳಿದ ಟ್ರಮಡಾಲ್ ಗುಳಿಗೆಗಳನ್ನು ಮನೆಯಲ್ಲಿ ಮಕ್ಕಳ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಡಿ, ಎಣಿಸಿ ದವಾಖಾನೆಗೆ ಮರಳಿಸಿ.